ಎರಡರಲ್ಲೊಂದು

ಮುಳಗುಂದದ ಎರಿ ಹೊಲ. ಬಿಳಿಜೋಳಕ್ಕೆ ಕಾಳು ಕಟ್ಟಿದೆ.
ಅಟ್ಟದ ಮೇಲೆ ಫಕ್ಕೀರವ್ವ, ಮಡಿಲಲ್ಲಿ ಕವಣೆ;
ಕೆಳಗೆ ನಾನು, ಕೊರಳಲ್ಲಿ ದುರ್ಬೀನು.

ವಲಸೆ ಬಂದ ಕಾಳುಗುಬ್ಬಿಗಳಲ್ಲಿ ಗಂಡು ಸುಲಭ:
ಒಂದಕ್ಕೆ ಕರಿ ತಲೆ, ಇನ್ನೊಂದಕ್ಕೆ ಇಟ್ಟಂಗಿ ಬಣ್ಣದ್ದು.
ಹೆಣ್ಣುಗಳದೇ ಫಜೀತಿ.
ಎರಡೂ ಒಣ ಕಣಿಕೆಯ ಬಣ್ಣ,
ಎರಡೂ ತೆನೆಗೆ ಜೋತು, ಬಾಯಿ ತುಂಬ ಜೋಳ.
ಬಾಲದ ಬುಡದಲ್ಲಿ ತುಸು ಹಳದಿಯಿದ್ದರೆ ಕೆಂಪುತಲೆಯದಂತೆ,
ತುಸು ಕಂದಿದ್ದರೆ ಕರಿತಲೆಯದು.
ಆದರೆ ಏಳೂಕಾಲರ ಬಿಸಿಲಿಗೆ
ಫಕ್ಕೀರವ್ವನ ಬಿಳಿ ಕೂದಲೂ ಹಳದಿಯೇ.

"ಯಾವುದರೆ ಇರ್ಲಿ, ತಿನ್ನೂದು ನಮ್ಮ ಜ್ವಾಳ"
ಅಂದು ಕವಣೆ ಬೀಸಿದಳು, ಹಕ್ಕಿಗಲ್ಲ, ಬಯಲಿಗೆ.
ಹೊಲ ಒಮ್ಮೆ ಮೈ ಕೊಡವಿತು.
ಎದ್ದವೆಲ್ಲ ಹೋಗಿ ಬದುವಿನ ಜಾಲಿಯಲ್ಲಿ ಕೂತವು.

ಆಮೇಲೆ ಕೇಳಿದಳು:
"ತಮ್ಮೂರಿಗೆ ಹ್ವಾದ ಮ್ಯಾಲೆ ಗಂಡಿಗರೆ ಗುರ್ತು ಹತ್ತತೈತೇನು?"
ಇರಾನದ ಕಡೆ ಕೆಲವು ತಪ್ಪುತ್ತವೆ,
ಕರಿತಲೆ ಕೆಂಪುತಲೆ ಕೂಡಿ ಗೂಡು ಕಟ್ಟುತ್ತವೆ ಎಂದೆ.
ಅಟ್ಟ ಅಲುಗುವ ಹಾಗೆ ನಕ್ಕಳು.
"ತಪ್ಪೇನ್ ಬಂತು ಅದರಾಗ?"

ಹಾಳೆಯಲ್ಲಿ ಬರೆದೆ: ಹೆಣ್ಣು, ಎರಡರಲ್ಲೊಂದು.
"ನನ್ನ ಹೆಸರೂ ಬರಕೊಂಡಿ?"
ಬರೆದುಕೊಂಡೆ.
"'ಕೀ'ಗೆ ಒತ್ತು ಐತಿ. ಬಿಟ್ಟೀ ಮತ್ತ."