ಆಕಾಶ ನೋಡೋ ಕೆಲಸ

ಬೀದರ ಖಿಲ್ಲಾದಾಗ ಶೂಟಿಂಗ್ ನಡದಾಗ
ನನಗ ಸಿಕ್ಕಿದ್ದು ಆಕಾಶ ನೋಡೋ ಕೆಲಸ.
ದಿನಕ್ಕ ಒಂಬೈನೂರು, ಮ್ಯಾಲ ಒಂದು ಹಸಿರು ಸೀಟಿ.
ವಿಮಾನದಳದ ಹುಡುಗರು ಹಾರೂದು ಕಲಿಯೋ ಊರು ನಮ್ಮದು,
ಮುಂಜಾನಿ ಎರಡೆರಡು ಹಾಕ್ ವಿಮಾನ
ಮುಗಿಲು ಹರಕೊಂಡು ಹೋಗ್ತಾವ.
ಅವು ಬರೋಕಿಂತ ಮೊದಲ ನಾನು ಊದಬೇಕು,
ಸಾವಿರದ ಒಂಬೈನೂರ ಇಪ್ಪತ್ತೆಂಟನೇ ಇಸವಿ
ಇದ್ದಲ್ಲೇ ನಿಂದರಬೇಕು.

ಸಿನಿಮಾ ಯಾವ ದೇಶದ್ದು ಅಂತ ಕೇಳಿದೆ
ಲೈಟಿನ ಪೆಟಗಿ ಹೊರೋ ಘಾಳೆಪ್ಪಗ.
'ಗೋರೆ ಮಂದಿದು' ಅಂದ.
ಕ್ಯಾಮೆರಾದಂವ ಪೋಲೆಂಡಿನಂವ,
ರೊಕ್ಕ ಅರ್ಧ ದುಬೈದು,
ಮೇಮಸಾಬ್ ಆದಾಕಿ ಆಸ್ಟ್ರೇಲಿಯಾದಾಕಿ,
ಊಟದ ಗುತ್ತಿಗಿ ಮೈಲೂರಿನ ಸಲೀಮಾ ಬೇಗಂದು,
ಕುದುರಿ ಹುಮನಾಬಾದದಿಂದ ಟ್ರಕ್ಕಿನಾಗ ಬಂದವು,
ಇಳಿಯೂಮಟ ಹೇಷಾರವ.

ಮಂಗಲಪೇಟದ ರೂತ್ ಸುನೀತಾ
ಅವರ ಕಾಗದಪತ್ರ ನೋಡಾಕಿ, ಆಕಿ ಹೇಳಿದಳು:
ಅದಕ್ಕೊಂದು ಪರೀಕ್ಷಾ ಅದ, ಕಾಕಾ.
ಕಥಿ ಎಲ್ಲಿ ನಡೀತದ, ಅದಕ್ಕಿಷ್ಟು ಅಂಕ.
ಪಾತ್ರ ಯಾವೂರವು, ಮಾತು ಯಾವ ಭಾಷಾದು,
ಬರದಂವ ಯಾರು, ಕತ್ತರಿ ಹಾಕಿದಂವ ಯಾರು, ಬಾಜಾ ಬಾರಿಸಿದಂವ ಯಾರು.
ಮೂವತ್ತೈದಕ್ಕ ಹದಿನೆಂಟು ಬಂದರ
ಸಿನಿಮಾ ಬ್ರಿಟಿಷ್.

ನಾನು ಹತ್ತನೇತ್ತಾಗ ಗಣಿತಕ್ಕ ಮೂವತ್ತೊಂದು ತಗೊಂಡು
ಫೇಲಾದಂವ.
ಅವರಲ್ಲಿ ಅಷ್ಟಕ್ಕ ಒಂದು ದೇಶಾನೇ ಸಿಗ್ತಿತ್ತು.

ಮೂರನೇ ದಿನ ರಂಗೀನ ಮಹಲಿನ ಮ್ಯಾಲ
ಯೂನಿಯನ್ ಜ್ಯಾಕ್ ಏರಿಸಿದರು.
ದೊಡ್ಡ ಪಂಖಾದ ಗಾಳಿಗೆ ಭಾಳ ಛಂದ ಹಾರ್ತು.
ನಮ್ಮ ಮುತ್ಯಾ ತಾಲೂಕದಾರನ ಕಚೇರಿಯಾಗ
ಕಾಗದ ಹೊಲಿಯೋ ಕೆಲಸದಂವ.
ಇಲ್ಲಿ ಹಾರಿದ್ದು ನಿಜಾಮನ ಹಳದಿ ನಿಶಾನಿ,
ಗೋರೆ ಕಲೆಕ್ಟರನ ಕುರ್ಚಿ ನಾ ಕಂಡಿಲ್ಲ
ಅಂತಿದ್ದ.
ಸುನೀತಾಗ ಹೇಳಿದೆ. ಆಕಿ ಮ್ಯಾಲಿನವರಿಗೆ ಹೇಳಿದಳು.
ಮ್ಯಾಲಿನವರು ಪುಸ್ತಕ ತಿರುವಿ, ಥ್ಯಾಂಕ್ಯೂ ಅಂದು,
ಧ್ವಜ ಹಾಂಗೇ ಬಿಟ್ಟರು.
ಹಳದಿಗೆ ಅಂಕ ಇದ್ದಿಲ್ಲ.

ಊದಿ ಊದಿ ತುಟಿ ಒಡದವು.
ಒಂದಿನ ಆವಾಜು ಹಿಡಿಯೋ ಮುದುಕ ಸಾಹೇಬ
ಕಿವಿಯ ಡಬ್ಬಿ ತಗದು ಮ್ಯಾಲ ನೋಡಿ ನಕ್ಕ.
'ಹಾಕ್' ಅಂದ. ಎದಿ ತಟ್ಟಿಕೊಂಡ.
ಸುನೀತಾ ಬಿಡಿಸಿ ಹೇಳಿದಳು:
ಆ ವಿಮಾನದ ನಕ್ಷಾ ಅವರ ದೇಶದ್ದು,
ಈತನ ಅಪ್ಪ ಅದೇ ಕಾರಖಾನಿಯಾಗ ರಿವೆಟ್ ಬಡದಂವ.

ಅಂದರ ನಾನು ಎರಡು ವಾರ
ಬೀದಿನಾಯಿ ಓಡಿಸಿದಂಗ ಓಡಿಸಿದ್ದು
ಇಡೀ ಖಿಲ್ಲಾದಾಗ ಖರೇನೇ ಬ್ರಿಟಿಷ್ ಆಗಿದ್ದ
ಒಂದೇ ಒಂದು ಆವಾಜು.

ಹೋದ ದೀಪಾವಳಿಗೆ ಮೊಬೈಲಿನಾಗ ಸಿನಿಮಾ ಬಂತು.
ಅವ್ವನ ಮಗ್ಗಲ ಕುಂತು ನೋಡಿದೆ.
ಘಾಳೆಪ್ಪನ ಮಗ ಪೇಟಾ ಸುತ್ತಿಕೊಂಡು
ಒಂದು ಸಲ ಹಾಯ್ದು ಹೋದ, ಮಾತಿಲ್ಲ.
ಜಂಬಿಟ್ಟಿಗಿ ಗ್ವಾಡಿ ನಮ್ಮದು, ಧೂಳ ನಮ್ಮದು,
ಬಿಸಲಿಗೆ ಮೇಮಸಾಬಳ ಮೂಗಿನ ತುದಿ ಕೆಂಪಾದದ್ದೂ
ನಮ್ಮದೇ ಲೆಕ್ಕ.
ಆಕಿ ಅಳ್ತಾಳ. ಗಿಡದಾಗ ಒಂದು ಹಕ್ಕಿ ಕೂಗ್ತದ.

ಅವ್ವ ಕತ್ತು ಎತ್ತಿದಳು.
'ಇದ್ಯಾವ ಹಕ್ಕೀಲೇ?'
ಅರವತ್ತು ವರ್ಷ ತೊಗರಿ ಹೊಲದಾಗ ಹಕ್ಕಿ ಓಡಿಸಿದಾಕಿ,
ಕೂಗು ಕೇಳಿ ಹೆಸರು ಹೇಳಾಕಿ.

ಹಿಂದಕ್ಕ ಎಳದು ಮತ್ತ ನೋಡಿದೆ.
ಹಕ್ಕಿ ಕೂಗೋ ಹೊತ್ತಿಗೆ ಗ್ವಾಡಿ ಮ್ಯಾಲ
ಸರ್ರನ ಒಂದು ನೆರಳು ಹರೀತದ,
ರೆಕ್ಕಿ ಬಡಿಯದ ನೆರಳು.
ಆವತ್ತು ನಾನು ಬೀಡಿ ಹಚ್ಚಲಿಕ್ಕೆ ಮರಿಗೆ ಹೋಗಿದ್ದೆ,
ಸೀಟಿ ತಡಾ ಆಗಿತ್ತು.

ಹೆಸರು ಓಡಿದವು, ಸಣ್ಣಸಣ್ಣವು.
ಆಕಾಶ ನೋಡಿದಂವಂದು ಇದ್ದಿಲ್ಲ.
ದೀಪ ಆರಿಸಿದ ಮ್ಯಾಲೂ ಅವ್ವ ಕತ್ತಲದಾಗ
ಅದರಂಗ ಕೂಗಿ ಕೂಗಿ ನೋಡ್ತಿದ್ದಳು,
ಎಲ್ಲೀದಪಾ ಇದು ಅಂತ.

ಹದಿನೆಂಟು ಅಂಕದ್ದು, ಮಲಕೋ ಬೇ, ಅಂದೆ.