ಮೂರನೆಯ ಖಾನೆ

ಒಂಟಿ ಸೀನು ಅಪಶಕುನ ಅನ್ನುವವರು
ಬ್ಯಾಡಗಿಯಲ್ಲಿ ಒಂದು ದಿನ ಬಾಳಲಾರರು.
ಇಲ್ಲಿ ಸೀನಿನಿಂದಲೇ ಬೆಳಗಾಗುತ್ತದೆ.
ರೈಲಿಳಿದವರು ಸೀನುತ್ತಾರೆ, ಕಂಡಕ್ಟರ್
ಟಿಕೆಟ್ ಹರಿಯುತ್ತ ಸೀನುತ್ತಾನೆ,
ದಲಾಲಿ ಅಂಗಡಿಯ ಬೆಕ್ಕು ಕೂಡ.
ಇಂಥ ಊರಲ್ಲಿ ಫ್ಲೂ ಯಾವುದು, ಮೆಣಸಿನಕಾಯಿ ಯಾವುದು
ಅಂತ ನಾನು ಹೇಗೆ ತಿಳಿಸಿ ಹೇಳಲಿ?

"ಜ್ವರ ಬಂದ್ರ ಫ್ಲೂ, ಬರದಿದ್ರ ಪಗಾರ,"
ಅಂದಳು ಹುಸೇನಬಿ,
ತೊಟ್ಟು ಮುರಿಯುವ ಕೈ ನಿಲ್ಲಿಸದೆ.

ಶಿಬಿರದ ಮೇಜು ಹಾಕಿದ್ದು ಗೋದಾಮಿನ ಬಾಗಿಲಲ್ಲಿ.
ಬ್ಯಾನರ್ ಇತ್ತು, ಸಂಘದವರು ಕೊಟ್ಟ ಬಿಸ್ಕಿಟ್ ಇತ್ತು.
ಹನ್ನೊಂದಾದರೂ ಒಬ್ಬರೂ ಏಳಲಿಲ್ಲ.
ಕೂಲಿ ಕಿಲೋ ಲೆಕ್ಕದ್ದು;
ಬಂದು ಹೋಗುವಷ್ಟರಲ್ಲಿ ಎರಡು ಕಿಲೋ ಹೋಯಿತು.
ಕೊನೆಗೆ ಮೇಜೇ ಎದ್ದು ರಾಶಿಯ ಹತ್ತಿರ ನಡೆಯಿತು,
ಅದರ ಹಿಂದೆ ನಾನು, ನನ್ನ ಹಿಂದೆ
ನೀಲಿ ಡಬ್ಬಿ ಹೊತ್ತ ಆಶಾ ಗಂಗವ್ವ.
"ಡಬ್ಬಿ ಬಂತ್ ನೋಡ್ರೇ, ರೇಟ್ ಕೇಳ್ರಿ!"
ಯಾರೋ ಕೂಗಿದರು.
ಡಬ್ಬಿ ಅಂದರೆ ಇಲ್ಲಿ ಮೆಣಸಿನಕಾಯಿಯ ಜಾತಿ,
ನಗುವುದಕ್ಕೆ ಅರ್ಧ ನಿಮಿಷ ಕೈ ನಿಂತವು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿಯಂತೆ.
ಆ ಗೋದಾಮಿನಲ್ಲಿ ಕಂಡದ್ದೆಲ್ಲ ಕೆಂಪು:
ನೆಲ, ಹುಬ್ಬು, ಉಗುರಿನ ಸಂದು, ನೀರಿನ ಚರಿಗೆ.
ಹಳದಿ ಎಲ್ಲಿ ಅಡಗಿ ಕೂತರೂ ಕಾಣುವುದಿಲ್ಲ,
ಗುತ್ತೆವ್ವನ ಗಂಡನಲ್ಲಿ ಯಾರಿಗೂ ಕಂಡಿರಲಿಲ್ಲ.
ರಟ್ಟೆಗೆ ಬರೆ ಹಾಕಿಸಿದರು,
ಮೂಗಿಗೆ ಸೊಪ್ಪಿನ ರಸ ಬಿಟ್ಟರು.
ಆಮೇಲೆ ಹೊಟ್ಟೆ ಉಬ್ಬಿತು.
"ನೀರಿಂದ್ ಬಂದ ಕಾಮಾಲಿ ಅಲ್ಲಂತ, ರಕ್ತದ್ದಂತ,
ಹುಬ್ಬಳ್ಳಿ ದೊಡ್ಡ ದವಾಖಾನ್ಯಾಗ ಹೇಳಿದ್ರು."
ಮೊದಲು ತೋಳು ಚಾಚಿದವಳು ಅವಳೇ.
ಅವಳ ರಕ್ತ ಮುಂಚೆಯೇ ಪರೀಕ್ಷೆಗೆ ಕಳಿಸಿದ್ದೆ. ಏನೂ ಇರಲಿಲ್ಲ.
ಏನೂ ಇಲ್ಲವೆಂದು ಬರೆದ ಆ ಕಾಗದವನ್ನು
ಓದಲು ಬಾರದ ಅವಳು
ಹದಿನೈದು ದಿನ ಕುಪ್ಪಸದೊಳಗೆ ಇಟ್ಟುಕೊಂಡಿದ್ದಳು.

ಸ್ಪಿರಿಟ್ ಹತ್ತಿ ಮುಟ್ಟಿಸಿದೆ. "ಅಯ್ಯಯ್ಯಪ್ಪಾ!"
"ಇನ್ನೂ ಚುಚ್ಚೇ ಇಲ್ಲ ಯವ್ವಾ."
"ಚುಚ್ಚೂದ್ ಚುಚ್ಚು. ಒರಸಬ್ಯಾಡ, ಉರಿತೈತಿ."
ಎಡ ತೋಳಿಗೆ ಒಂದು, ಬಲ ತೋಳಿಗೆ ಇನ್ನೊಂದು.

ಬೆಳಿಗ್ಗೆ ಐಸ್‌ಪ್ಯಾಕನ್ನು ಕಿವಿಗೆ ಹಿಡಿದು ಅಲುಗಿಸುತ್ತೇವೆ ನಾವು.
ಒಳಗೆ ನೀರು ಕುಲುಕಿದ ಸದ್ದು ಬಂದರೆ ಮಾತ್ರ ಡಬ್ಬಿಗೆ.
ಗಟ್ಟಿ ಮಂಜೂ ಲಸಿಕೆಯನ್ನು ಕೊಲ್ಲುತ್ತದೆ, ಬಿಸಿಲೂ.
ಸುಮ್ಮನೆ ಮುಚ್ಚಳ ತೆಗೆಯಬಾರದು.
ಆ ಮುಚ್ಚಳವನ್ನೇ ನೋಡುತ್ತಿದ್ದಳು ಕರಿಯವ್ವ.
"ಅಕ್ಕಾರ, ಒಂದ್ ಗಳಿಗಿ ಆ ಬರ್ಫ್ ಹಿಡ್ಕೊಳ್ಲೇನ್ರಿ?
ರಾತ್ರಿ ಕೈ ಹಾಸಿಗಿಗೆ ಹಚ್ಚಾಕ್ ಬರೂದಿಲ್ಲ."
ಇಲ್ಲ ಎಂದೆ. ನಿಯಮ.

ಕೊನೆಯ ಸೀಸೆ ಮುಗಿದದ್ದು ನಾಲ್ಕೂವರೆಗೆ.
ಆಗ ನಾನೇ ಮುಚ್ಚಳ ತೆಗೆದೆ.
ನಾಲ್ಕು ಐಸ್‌ಪ್ಯಾಕು, ಅರವತ್ತಮೂರು ಜೋಡಿ ಕೈ.
ಪ್ರಸಾದ ಹಂಚಿದ ಹಾಗಿತ್ತು ಅಂತ ಬರೆದರೆ ಸುಳ್ಳಾಗುತ್ತದೆ,
ಜಗಳವೇ ಆಯಿತು. "ನಂದಿನ್ನೂ ಆಗಿಲ್ಲ, ಬಿಡs!"
ಕರಿಯವ್ವನ ಸರದಿ ಬಂದಾಗ
ಅವಳ ಬೆರಳು ನಿಂತದ್ದನ್ನು
ಆ ದಿನ ಮೊದಲ ಸಲ ನೋಡಿದೆ.

ರಿಜಿಸ್ಟರಿನಲ್ಲಿ ಕಾಮಾಲೆಗೆ ಮೂರು ಖಾನೆ:
ಇವತ್ತು, ತಿಂಗಳಿಗೆ, ಆರು ತಿಂಗಳಿಗೆ.
ಎರಡನೆಯದರಲ್ಲಿ ಹನ್ನೆರಡು ಖಾಲಿ ಉಳಿದವು.
ಮೂರನೆಯದು ಬರುವಾಗ ಆಗಸ್ಟ್.
ಗೋದಾಮಿಗೆ ಬೀಗ; ಹಾನಗಲ್ ಕಡೆ ನಾಟಿಗೆ ಹೋದವರು,
ಬಾಣಂತನಕ್ಕೆ ತವರಿಗೆ ಹೋದವರು,
ಫೋನ್ ನಂಬರ್ ಬದಲಾದವರು.
ಗಂಗವ್ವ ಮತ್ತು ನಾನು ಡಬ್ಬಿ ಹೊತ್ತು ಓಣಿ ಓಣಿ ತಿರುಗಿದೆವು.

ಕರಿಯವ್ವ ಸಿಕ್ಕಳು, ಮೋಟೆಬೆನ್ನೂರ ಬಸ್‌ಸ್ಟಾಂಡಿನಲ್ಲಿ.
ನನ್ನ ಮುಖವಲ್ಲ, ಡಬ್ಬಿ ಅವಳಿಗೆ ಗುರುತು.
ತೋಳು ಚಾಚಲಿಲ್ಲ, ಎರಡೂ ಅಂಗೈ ಚಾಚಿದಳು.
"ಈಗೇನ್ ಉರಿ ಇಲ್ರಿ. ಆದ್ರೂ."

ಕಟ್ಟೆಯ ಮೇಲೆ ಕೂರಿಸಿ ಚುಚ್ಚಿದೆ, ತಾರೀಕು ಬರೆದೆ.
ಇನ್ನೂ ಇಪ್ಪತ್ತೊಂಬತ್ತು ಖಾನೆ ಖಾಲಿ.
ಅಷ್ಟರಲ್ಲಿ ನನಗೇ ಒಂದು ಸೀನು ಬಂತು. ಒಂದೇ.
ಬಸ್ಸು ಬಂದು ನಿಂತಿತ್ತು.
ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಕಂಡಕ್ಟರನನ್ನು ತಡೆದು,
ಕರಿಯವ್ವ ನಗುತ್ತ ನನ್ನನ್ನೇ ನೋಡುತ್ತಿದ್ದಳು,
ಇನ್ನೊಂದು ಬರಲಿ ಎಂದು.