ಮಾಮೂಲು

ಮಾಮೂಲ್‌ಪೇಟೆಯಲ್ಲಿ ನಮ್ಮದು ಗ್ರಂಧಿಗೆ ಅಂಗಡಿ.
ಅಪ್ಪ ಹೋದ ಮೇಲೆ ಗಲ್ಲಾದಲ್ಲಿ ಕೂತವಳು ನಾನು.
ಮೊದಲ ಆರು ತಿಂಗಳು ಗಂಡಸರು ಒಳಗೆ ಇಣುಕಿ
ಅರಿಶಿನದ ಕೊಂಬು ಕೊಂಡು ಹೋದರು.
ಯಾರಿಗೂ ಬೇಡದಷ್ಟು ಅರಿಶಿನ ಮಾರಿದೆ ಆ ವರ್ಷ.

ಅವರಿಗೆ ಬೇಕಿದ್ದದ್ದು ಮೂರನೇ ಸಾಲಿನ
ಹೆಸರು ಬರೆಯದ ಡಬ್ಬ.
ಅಪ್ಪನ ಕಾಲದಲ್ಲಿ 'ಮಾಮೂಲು' ಅಂದರೆ ಸಾಕು,
ಕಾಗದದ ಪೊಟ್ಟಣ, ಹಳದಿ ದಾರ,
ನಲವತ್ತೆಂಟು ದಿನ, ಬಿಸಿ ಹಾಲು, ಹುಳಿ ಬೇಡ.
ಆಮೇಲೆ ಅಪ್ಪ ಕೇಳುತ್ತಿದ್ದದ್ದು ಒಂದೇ:
'ರಾತ್ರಿ ನಿದ್ದೆ ಹೇಗೆ?'
ಕೆಲವರು ಆ ಮಾತಿಗೇ ಸ್ಟೂಲು ಎಳೆದು ಕೂತುಬಿಡುತ್ತಿದ್ದರು.

ನನ್ನ ಮುಂದೆ ಎಲ್ಲರೂ ಯಾರದೋ ಪರವಾಗಿ ಬಂದವರು.
ಭಾವಮೈದನಿಗೆ. ಊರಿನ ಗೆಳೆಯನಿಗೆ. ನಮ್ಮ ಮಾಲೀಕರಿಗೆ.
ಒಬ್ಬ ಹುಡುಗ, ಮೀಸೆ ಇನ್ನೂ ಸರಿಯಾಗಿ ಕೂಡದವನು,
ಫೋನಿನಲ್ಲಿ ಬೇರಿನ ಚಿತ್ರ ತೋರಿಸಿ
'ಇದು ಅಜ್ಜನಿಗೆ' ಅಂದ.
ಅಜ್ಜನ ವಯಸ್ಸೆಷ್ಟು ಅಂದೆ. ಇಪ್ಪತ್ತಾರು ಅಂದ.
ಇಬ್ಬರೂ ನಗಲಿಲ್ಲ. ಮದುವೆ ಬರುವ ಗುರುವಾರವಂತೆ.
ಎರಡು ಏಲಕ್ಕಿ ಕೈಗಿಟ್ಟು
ಹೋಗಪ್ಪ, ಊಟ ಮಾಡಿ ಮಲಗು ಅಂದೆ.

ಪುಡಿ ಮಾಡುವುದು ನನಗೆ ಗೊತ್ತು.
ನಸುಗುನ್ನಿ ಬೀಜ ಹಾಲಲ್ಲಿ ಬೇಯಬೇಕು,
ಬೆಂದು ಬೆರಳಿಗೆ ಸಿಪ್ಪೆ ಬಿಟ್ಟುಕೊಡಬೇಕು;
ಕಾಯಿಯ ರೋಮ ತಾಗಿದರೆ ಮೈಯೆಲ್ಲ ತುರಿಕೆ,
ಒಳಗಿನ ಬೀಜ ಮಾತ್ರ ಕನ್ನಡಿಯಷ್ಟು ನುಣುಪು.
ಅಶ್ವಗಂಧಕ್ಕೆ ಕುದುರೆಬೆವರಿನ ವಾಸನೆ.
ನೆಗ್ಗಿಲು ಮುಳ್ಳು ಒರಳಿಗೂ ಚುಚ್ಚುತ್ತದೆ.
ಶತಾವರಿ ಇದೆಯಲ್ಲ, ಅದರ ಹಳ್ಳಿ ಹೆಸರು
ಹಲವು ಮಕ್ಕಳ ತಾಯಿ ಬೇರು.
ಗಂಡಸುತನದ ಪುಡಿಯೊಳಗೆ ತಾಯಿಯೊಬ್ಬಳು
ಕೂತಿದ್ದಾಳೆಂದು ಯಾವ ಗಿರಾಕಿಗೂ ಹೇಳಿಲ್ಲ.
ಮಿಕ್ಕಿದ್ದು, ಅರ್ಧಕ್ಕರ್ಧ, ಕಲ್ಲುಸಕ್ಕರೆ.
ಕಹಿ ಕುಡಿದು ಯಾರಿಗೂ ಧೈರ್ಯ ಬರಲ್ಲ ಅನ್ನುತ್ತಿದ್ದರು ಅಪ್ಪ.

ಮರಿಗಂಗಯ್ಯ ಬಸ್ ಡ್ರೈವರು. ಹನ್ನೊಂದು ವರ್ಷದಿಂದ
ಪ್ರತಿ ಸಂಬಳಕ್ಕೆ ಒಂದು ಪೊಟ್ಟಣ.
ಅಪ್ಪನ ಜೊತೆ ಸ್ಟೂಲಿನ ಮೇಲೆ ಕೂತು ಹರಟಿದವರು
ನಾನು ಬಂದ ಮೇಲೆ ನೋಟು ಇಟ್ಟು
ಗೋಡೆಯ ಕ್ಯಾಲೆಂಡರು ಓದುತ್ತ ನಿಲ್ಲುವರು,
ಏಕಾದಶಿ ಯಾವತ್ತೆಂದು ತುರ್ತಾಗಿ ತಿಳಿಯಬೇಕೇನೋ ಎಂಬಂತೆ.

ಆಷಾಢದ ಒಂದು ಮಧ್ಯಾಹ್ನ, ಮೆಟ್ರೋ ಇಳಿದು
ಗಾಳಿಗೆ ಸೆರಗು ಬಿಗಿಹಿಡಿದು ಒಬ್ಬಾಕೆ ಬಂದಳು.
'ನಾನು ಹೊಂಬಾಳಮ್ಮ. ಲಗ್ಗೆರೆಯಿಂದ.
ನಮ್ಮೆಜಮಾನ್ರು, ಮರಿಗಂಗಯ್ಯ, ತಗೊಳ್ಳೋ ಪುಡಿ ಕೊಡವ್ವ.'
ಅಂಗಡಿ ತುಂಬ ಜನ. ದನಿ ತಗ್ಗಿಸಲಿಲ್ಲ.
ತೂಕ ಮಾಡುವ ಹುಡುಗ ಲವಂಗ ಚೆಲ್ಲಿದ.

ನಿಮಗೆ ಗೊತ್ತಾ? ಅಂದೆ.
'ರಾಗಿ ಡಬ್ಬದ ಹಿಂದೆ ಬಚ್ಚಿಟ್ರೆ
ಮುದ್ದೆ ಮಾಡೋಳಿಗೆ ಕಾಣಲ್ವ?
ನಾನೇ ಹಾಲು ಅರ್ಧ ಲೀಟರು ಜಾಸ್ತಿ ಹಾಕಿಸ್ಕೊತಿದ್ದೆ.
ಕೆಲಸ ಮಾಡ್ತೋ ಬಿಡ್ತೋ,
ಅದನ್ನ ಕುಡಿದ ರಾತ್ರಿ
ಗೋಡೆ ಕಡೆ ತಿರುಗಿ ಮಲಗ್ತಿರಲಿಲ್ಲ, ಅಷ್ಟೆ.'

ಚೀಲದಿಂದ ರಕ್ತಪರೀಕ್ಷೆಯ ಚೀಟಿ ತೆಗೆದಳು.
ಮುನ್ನೂರ ನಲವತ್ತು.
'ಸಕ್ಕರೆ ಕಾಯಿಲೆಯಂತೆ. ವಿಕ್ಟೋರಿಯಾದಲ್ಲಿ ಹೇಳಿದ್ರು,
ಆ ತೊಂದ್ರೆಗೂ ಇದೇ ಮೂಲ ಇರಬೇಕು,
ಎಷ್ಟು ವರ್ಷದಿಂದ ಇತ್ತೋ ಅಂತ.
ಮಾತ್ರೆ ಕೊಟ್ಟವ್ರೆ. ಇವರು ಪುಡಿ ಬಿಡಲ್ಲ ಅಂತಾರೆ.
ಸಿಹಿ ಹಾಕ್ದೆ ಕೊಡೋಕಾಗುತ್ತಾ?'

ಮೂರನೇ ಸಾಲಿನ ಡಬ್ಬ ಇಳಿಸಿದೆ.
ತಿಂಗಳಿಗೆ ಕಾಲು ಕೇಜಿ. ಅರ್ಧಕ್ಕರ್ಧ. ಹನ್ನೊಂದು ವರ್ಷ.
ಹದಿನಾರೂವರೆ ಕೇಜಿ ಸಕ್ಕರೆ
ನಮ್ಮ ಹಳದಿ ದಾರದಲ್ಲಿ ಕಟ್ಟಿ ಕಳಿಸಿದ್ದೇವೆ
ಅಪ್ಪ ಮತ್ತು ನಾನು.

ಡಬ್ಬ ಮುಚ್ಚಿದೆ. ಮೊದಲು ಡಾಕ್ಟರನ್ನು ಕೇಳಿ,
ಬೇಡ ಅಂದರೆ ಬೇಡ ಅಂದೆ.
ಆಕೆ ತಲೆಯಾಡಿಸಿ ಅಲ್ಲೇ ನಿಂತಿದ್ದಳು.
ನನಗೆ ಬೇರೇನೂ ತೋಚಲಿಲ್ಲ.
ಹೆಂಗಸರನ್ನು ಈ ಅಂಗಡಿಯಲ್ಲಿ ಯಾರೂ ಕೇಳದ ಮಾತು
ಬಾಯಿಗೆ ಬಂತು:
'ರಾತ್ರಿ ನಿದ್ದೆ ಹೇಗಮ್ಮ?'

ಸ್ಟೂಲು ನೆಲಕ್ಕೆ ಕರಕರ ಉಜ್ಜಿತು.
ಲವಂಗ ಹೆಕ್ಕುತ್ತಿದ್ದ ಹುಡುಗನಿಗೆ ಹೇಳಿದೆ,
ಎರಡು ಟೀ ತಾರೋ, ಸಕ್ಕರೆ ಬೇಡ.
'ಹಾಕಿಸ್ಕೊಂಡು ಬಾರಪ್ಪ,' ಅಂದಳು ಹೊಂಬಾಳಮ್ಮ,
'ನಂಗೇನಾಗಿದೆ?'